ಔಷಧಿ ಕುಡಿದ ಗೋಡೆ

ಮಾಮೂಲಿ ಪ್ಲಾಸ್ಟಿಕ್ ತಟ್ಟೆಯಲ್ಲಿ ಅರ್ಧಕ್ಕರ್ಧ ಕ್ಯಾನ್ಸರ್ ಕೋಶಗಳನ್ನು ಕೊಂದಿದ್ದ ಔಷಧಿ ಅದು. ನಮ್ಮ ಚಿಪ್‌ನಲ್ಲಿ ಅದರ ಹತ್ತು ಪಟ್ಟು ಕೊಟ್ಟರೂ ಕೋಶಗಳಿಗೆ ಏನೂ ಆಗಲಿಲ್ಲ. ಎರಡು ದಿನ ಬಿಟ್ಟು ಮೈಕ್ರೊಸ್ಕೋಪಿನಡಿ ಇಟ್ಟು ನೋಡಿದರೆ, ಗಾಜಿನ ಮೇಲೆ ಕೈಕಾಲು ಚಾಚಿಕೊಂಡು ಹಾಯಾಗಿ ಬೆಳೆಯುತ್ತಿದ್ದವು.

ಅನುಮಾನ ಬರಬೇಕಿತ್ತು. ಬರಲಿಲ್ಲ, ಖುಷಿಯಾಯಿತು. ರೋಗಿಯ ಮೈಯಲ್ಲಿರುವ ಗಡ್ಡೆಯೂ ಹೀಗೇ ತಾನೆ, ತಟ್ಟೆಯಲ್ಲಿ ಕೆಲಸ ಮಾಡಿದ ಔಷಧಿಗೆ ಅದು ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ಹಾಗಾದರೆ ನಮ್ಮ ಚಿಪ್ ತಟ್ಟೆಗಿಂತ ದೇಹಕ್ಕೆ ಹತ್ತಿರವಾಗಿದೆ ಎಂದಾಯಿತಲ್ಲ! ಹೈದರಾಬಾದಿನ ನಮ್ಮ ಲ್ಯಾಬಿನಲ್ಲಿ ಚಿಪ್ ಮಾಡುವವನು ನಾನು, ಅದರಲ್ಲಿ ಕೋಶ ಬೆಳೆಸುವವಳು ವಿಜಯವಾಡದ ಒಬ್ಬ ಹುಡುಗಿ. ಇಬ್ಬರೂ ಸೇರಿ ಸಮ್ಮೇಳನಕ್ಕೆ ಪೋಸ್ಟರ್ ಬರೆದೆವು. ಹರಿಯುವ ದ್ರವದಲ್ಲಿ ಕೋಶಗಳು ಗಟ್ಟಿಯಾಗುತ್ತವೆ ಎಂಬುದಕ್ಕೆ ಬಣ್ಣಬಣ್ಣದ ಗ್ರಾಫ್ ಹಾಕಿದೆವು. ಎಂಟು ತಿಂಗಳ ಕೆಲಸ.

ಪೋಸ್ಟರ್ ಕಳಿಸುವ ವಾರ ಲ್ಯಾಬಿಗೆ ಬಂದಿದ್ದ ಹಿರಿಯರೊಬ್ಬರು ಗ್ರಾಫನ್ನೆಲ್ಲ ನಿಧಾನವಾಗಿ ನೋಡಿ ಒಂದೇ ಪ್ರಶ್ನೆ ಕೇಳಿದರು: ‘ಒಳಗೆ ಬಿಟ್ಟ ಔಷಧಿಯ ಲೆಕ್ಕ ಇಲ್ಲಿದೆ. ಹೊರಗೆ ಬಂದ ದ್ರವದಲ್ಲಿ ಎಷ್ಟಿತ್ತು?’

ನಾವು ಅಳೆದಿರಲಿಲ್ಲ. ಆ ಪ್ರಶ್ನೆಗೆ ಉತ್ತರ ಸಿಕ್ಕ ಬಗೆಯನ್ನು ಹೇಳುವ ಮೊದಲು ಈ ಚಿಪ್ ಎಂದರೇನು, ಅದನ್ನು ಹೇಗೆ ಮಾಡುತ್ತೇವೆ ಎಂಬುದನ್ನು ಹೇಳಲೇಬೇಕು. ಯಾಕೆಂದರೆ ತಪ್ಪು ಇದ್ದದ್ದು ಕೋಶದಲ್ಲಲ್ಲ, ಮಾಡುವ ರೀತಿಯಲ್ಲಿ.

ಕೂದಲೆಳೆಯಷ್ಟು ಕಾಲುವೆ

ಚಿಪ್ ಎಂದ ಕೂಡಲೇ ಮೊಬೈಲಿನೊಳಗಿನದು ನೆನಪಾಗುತ್ತದೆ. ಇದರಲ್ಲಿ ವಿದ್ಯುತ್ತಿನ ಬದಲು ನೀರು ಓಡುತ್ತದೆ. ಮೈಕ್ರೊಫ್ಲೂಯಿಡಿಕ್ ಚಿಪ್ ಅಂದರೆ ಹೆಬ್ಬೆರಳಗಲದ ಪಾರದರ್ಶಕ ತುಂಡು. ಅದರೊಳಗೆ ತಲೆಗೂದಲಷ್ಟು ಅಗಲದ ಕಾಲುವೆಗಳು. ಒಂದು ತುದಿಯಿಂದ ಪಂಪ್ ಮೂಲಕ ಪೋಷಕ ದ್ರವ ಬಿಟ್ಟರೆ ಇನ್ನೊಂದು ತುದಿಯಿಂದ ಹೊರಗೆ ಬರುತ್ತದೆ. ನಡುವೆ ಜೀವಕೋಶಗಳು ಅಂಟಿಕೊಂಡು ಬದುಕುತ್ತವೆ. ನಮ್ಮ ಮೈಯ ಬಹುತೇಕ ಕೋಶಗಳು ಹತ್ತರಿಂದ ಇಪ್ಪತ್ತು ಮೈಕ್ರಾನ್ ಗಾತ್ರದವು. ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಒಂದು ಮೈಕ್ರಾನ್. ಅವುಗಳ ಅಳತೆಗೆ ತಕ್ಕ ಮನೆ ಕಟ್ಟಿಕೊಟ್ಟರೆ, ರಕ್ತನಾಳದಲ್ಲಿ ಅವುಗಳಿಗೆ ತಾಗುವಂಥ ಹರಿವನ್ನೇ ಕೊಡಬಹುದು, ಒಂದೊಂದೇ ಕೋಶವನ್ನು ಹಿಡಿದು ನೋಡಬಹುದು. ಇಷ್ಟು ಸಣ್ಣ ಕಾಲುವೆಯಲ್ಲಿ ಸುಳಿ, ಅಲೆ ಏನೂ ಇರುವುದಿಲ್ಲ. ಎರಡು ಬಣ್ಣದ ನೀರು ಬಿಟ್ಟರೆ ಮದುವೆ ಮನೆಯ ಎರಡು ಬೀಗರ ಕಡೆಯವರ ಹಾಗೆ ಪಕ್ಕಪಕ್ಕದಲ್ಲೇ, ಬೆರೆಯದೆ ಹೋಗುತ್ತವೆ.

ಕಂಪ್ಯೂಟರ್ ಚಿಪ್ ಮಾಡುವವರ ಕೈಯಿಂದಲೇ ಇದು ಶುರುವಾದದ್ದು. 1979ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಸಿಲಿಕಾನ್ ಬಿಲ್ಲೆಯೊಂದರ ಮೇಲೆ ಅನಿಲ ವಿಶ್ಲೇಷಣೆಯ ಇಡೀ ಯಂತ್ರವನ್ನು ಕೆತ್ತಿದ್ದರು. 1990ರಲ್ಲಿ ಆಂದ್ರಿಯಾಸ್ ಮಾನ್ಸ್ ಮತ್ತು ಸಂಗಡಿಗರು ಇಡೀ ಪ್ರಯೋಗಾಲಯವನ್ನೇ ಹೀಗೆ ಚಿಕ್ಕದು ಮಾಡಬಹುದೆಂಬ ವಿಚಾರ ಮುಂದಿಟ್ಟರು. ಆದರೆ ಸಿಲಿಕಾನಿನೊಳಗೆ ಬೆಳಕು ತೂರುವುದಿಲ್ಲ. ಗಾಜನ್ನು ಕೊರೆಯಲು ಹೈಡ್ರೊಫ್ಲೋರಿಕ್ ಆಮ್ಲ ಬೇಕು. ಚರ್ಮಕ್ಕೆ ತಾಗಿದರೆ ಒಳಗಿಳಿದು ಮೂಳೆಯ ಕ್ಯಾಲ್ಸಿಯಂವರೆಗೂ ಹೋಗುವ ಮಹಾ ಅಪಾಯಕಾರಿ ಆಮ್ಲ. ಒಂದು ವಿನ್ಯಾಸ ತಪ್ಪಾಯಿತೆಂದು ಗೊತ್ತಾಗುವ ಹೊತ್ತಿಗೆ ವಾರಗಳೇ ಹೋಗಿರುತ್ತಿದ್ದವು. ಜೀವವಿಜ್ಞಾನಿಗಳು ದೂರದಿಂದಲೇ ನೋಡಿ ಸುಮ್ಮನಾದರು.

ಬಾಗಿಲು ತೆಗೆದದ್ದು 1998ರಲ್ಲಿ, ಹಾರ್ವರ್ಡ್‌ನ ಜಾರ್ಜ್ ವೈಟ್‌ಸೈಡ್ಸ್ ಅವರ ತಂಡ. ಕಂಪ್ಯೂಟರಿನಲ್ಲಿ ಬರೆದ ಚಿತ್ರದಿಂದ ಬಳಸಲು ಸಿದ್ಧವಾದ ಚಿಪ್‌ವರೆಗೆ 24 ಗಂಟೆಯೊಳಗೆ ಮುಗಿಸುವ ದಾರಿಯನ್ನು ಅವರು ತೋರಿಸಿಕೊಟ್ಟರು. ಇವತ್ತಿಗೂ ಜಗತ್ತಿನ ಸಾವಿರಾರು ಲ್ಯಾಬುಗಳು, ನಾನೂ ಸೇರಿ, ಮಾಡುವುದು ಅದನ್ನೇ.

ಸಂಕ್ರಾಂತಿಯ ಅಚ್ಚು

ನಮ್ಮ ಹಳೇ ಮೈಸೂರಿನ ಕಡೆ ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡಿದವರಿಗೆ ಈ ವಿಧಾನವನ್ನು ವಿವರಿಸುವುದು ಸುಲಭ. ಮರದ ಅಚ್ಚನ್ನು ನೀರಲ್ಲಿ ನೆನೆಸಿ, ಎರಡು ಹೋಳು ಜೋಡಿಸಿ ಬಿಗಿಯಾಗಿ ಕಟ್ಟಿ, ಹದವಾದ ಪಾಕ ಹೊಯ್ದು, ಆರಿದ ಮೇಲೆ ಬಿಚ್ಚಿದರೆ ಆನೆ, ಗಿಳಿ, ಗೋಪುರ. ಅಚ್ಚಿನಲ್ಲಿ ತಗ್ಗು ಇದ್ದಲ್ಲಿ ಸಕ್ಕರೆಯಲ್ಲಿ ಉಬ್ಬು. ನಮ್ಮಲ್ಲಿ ಇದು ತಿರುಗುಮುರುಗು: ಅಚ್ಚಿನಲ್ಲಿ ಉಬ್ಬು ಇದ್ದಲ್ಲಿ ಚಿಪ್‌ನಲ್ಲಿ ಕಾಲುವೆ. ಪಾಕದ ಬದಲು ಸಿಲಿಕೋನ್ ರಬ್ಬರ್.

ಮೊದಲು ಚಿತ್ರ. ಕಾಲುವೆಗಳ ನಕ್ಷೆಯನ್ನು ಪಾರದರ್ಶಕ ಫಿಲ್ಮಿನ ಮೇಲೆ ಮುದ್ರಿಸಬೇಕು. ಶುರುವಿನ ದಿನಗಳಲ್ಲಿ ನಾನು ಅದನ್ನು ಮಾಡಿಸುತ್ತಿದ್ದದ್ದು ಆಫ್‌ಸೆಟ್ ಪ್ರೆಸ್‌ಗಳಿಗೆ ಫಿಲ್ಮ್ ತೆಗೆದುಕೊಡುವ ಅಂಗಡಿಯಲ್ಲಿ. ಎಲ್ಲರೂ ಲಗ್ನಪತ್ರಿಕೆಯ ಗಣಪತಿ ಹಿಡಿದುಕೊಂಡು ನಿಂತಿರುವಾಗ ನಾನು ಕೂದಲೆಳೆಯಂಥ ನಾಲ್ಕು ಗೆರೆ ಹಿಡಿದುಕೊಂಡು ಹೋಗುತ್ತಿದ್ದೆ. ‘ಇದರಲ್ಲಿ ಏನೂ ಪ್ರಿಂಟ್ ಆಗಿಲ್ಲವಲ್ಲ ಸಾರ್, ದುಡ್ಡು ವಾಪಸ್ ಬೇಕಾ?’ ಎಂದು ಆತ ಒಮ್ಮೆ ಕೇಳಿದ್ದ. ಅಗಲ ಇಪ್ಪತ್ತು ಮೈಕ್ರಾನ್‌ಗಿಂತ ಹೆಚ್ಚಿದ್ದರೆ ಈ ಫಿಲ್ಮ್ ಸಾಕು. ಅದಕ್ಕಿಂತ ಸಣ್ಣದಾದರೆ ಗಾಜಿನ ಮೇಲೆ ಕ್ರೋಮಿಯಂ ಲೇಪಿಸಿದ ದುಬಾರಿ ಮಾಸ್ಕ್.

ಆಮೇಲೆ ಅಚ್ಚು. ಕನ್ನಡಿಯಂತೆ ಹೊಳೆಯುವ ಸಿಲಿಕಾನ್ ಬಿಲ್ಲೆಯ ಮೇಲೆ ಎಸ್‌ಯು-8 ಎಂಬ, ಜೇನಿನಂತೆ ಮಂದವಾದ ದ್ರವ ಸುರಿದು ನಿಮಿಷಕ್ಕೆ ಮೂರು ಸಾವಿರ ಸುತ್ತಿನಂತೆ ತಿರುಗಿಸುತ್ತೇವೆ. ದೋಸೆ ಹಿಟ್ಟು ಕಾವಲಿಯ ಮೇಲೆ ಹರಡಿದಂತೆ ಅದು ಹರಡುತ್ತದೆ. ವೇಗ ಹೆಚ್ಚಿದಷ್ಟೂ ಪದರ ತೆಳು. ಬಿಸಿ ಮಾಡಿ ಒಣಗಿಸಿ, ಫಿಲ್ಮನ್ನು ಮೇಲಿಟ್ಟು ನೇರಳಾತೀತ ಬೆಳಕು ಬಿಡುತ್ತೇವೆ. ಬೆಳಕು ಬಿದ್ದ ಕಡೆ ಕಲ್ಲಿನಂತೆ ಗಟ್ಟಿಯಾಗುತ್ತದೆ, ಉಳಿದದ್ದನ್ನು ದ್ರಾವಕದಲ್ಲಿ ತೊಳೆದುಬಿಡಬಹುದು. ಈ ಕೋಣೆಯ ದೀಪಗಳೆಲ್ಲ ಹಳದಿ; ಬಿಳಿ ದೀಪದಲ್ಲಿರುವ ನೀಲಿ, ನೇರಳೆ ಅಂಶವೇ ಅದನ್ನು ಗಟ್ಟಿ ಮಾಡಿಬಿಡುತ್ತದೆ. ಇಡೀ ಕೆಲಸದಲ್ಲಿ ಕೈಚಳಕ ಬೇಕಾಗುವುದು, ಬೈಸಿಕೊಳ್ಳುವುದು, ಎಲ್ಲ ಇಲ್ಲೇ. ಆತುರಪಟ್ಟು ಬೇಗ ತಣ್ಣಗೆ ಮಾಡಿದರೆ ಪದರ ಬಿರುಕು ಬಿಡುತ್ತದೆ. ಒಂದು ಧೂಳಿನ ಕಣ ಕೂತರೆ ಅದೂ ಅಚ್ಚಿನ ಭಾಗವಾಗಿ, ಮುಂದೆ ಎರೆಯುವ ಐವತ್ತು ಚಿಪ್‌ಗಳಲ್ಲೂ ಅದೇ ಮಚ್ಚೆ.

ಅಚ್ಚು ಸರಿಯಾಯಿತೆಂದರೆ ಉಳಿದದ್ದು ಅಡುಗೆಮನೆ ಕೆಲಸ. ಪಿಡಿಎಂಎಸ್ ಎಂಬ ಸಿಲಿಕೋನ್ ಎರಡು ಡಬ್ಬಿಗಳಲ್ಲಿ ಬರುತ್ತದೆ. ಸಿಲಿಕಾನ್ ಬೇರೆ, ಸಿಲಿಕೋನ್ ಬೇರೆ: ಮೊದಲನೆಯದು ಮೂಲವಸ್ತು, ಎರಡನೆಯದು ಅದಕ್ಕೆ ಆಮ್ಲಜನಕ, ಇಂಗಾಲ ಸೇರಿದ ರಬ್ಬರ್. ಹೊಟ್ಟೆಯುಬ್ಬರಕ್ಕೆ ಕುಡಿಯುವ ಗುಲಾಬಿ ಔಷಧಿಯಲ್ಲಿನ ಸಿಮೆಥಿಕೋನ್ ಇದರದೇ ದಾಯಾದಿ. ಹತ್ತು ಪಾಲಿಗೆ ಒಂದು ಪಾಲು ಗಟ್ಟಿಕಾರಕ ಸೇರಿಸಿ ಚೆನ್ನಾಗಿ ಕಲಸಿ, ನಿರ್ವಾತದಲ್ಲಿಟ್ಟು ಗುಳ್ಳೆ ಹೋಗಲಾಡಿಸಿ, ಅಚ್ಚಿನ ಮೇಲೆ ಹೊಯ್ದು, 65ರಿಂದ 80 ಡಿಗ್ರಿ ಶಾಖದಲ್ಲಿ ಒಂದೆರಡು ಗಂಟೆ ಬಿಟ್ಟರೆ ಗಾಜಿನಷ್ಟು ತಿಳಿಯಾದ ರಬ್ಬರ್ ಹಾಳೆ ಸಿದ್ಧ. ಲೇಟೆಕ್ಸ್ ಗ್ಲೌಸ್ ಹಾಕಿಕೊಂಡು ಮುಟ್ಟಬಾರದು. ಅದರಲ್ಲಿನ ಗಂಧಕ ಪ್ಲಾಟಿನಂ ವೇಗವರ್ಧಕವನ್ನು ಕೆಡಿಸಿ, ರಬ್ಬರು ಅರೆಬೆಂದ ಹಲ್ವದಂತೆ ಜಿಗುಟಾಗಿಯೇ ಉಳಿಯುತ್ತದೆ. ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ.

ಹಾಳೆಯನ್ನು ಮೆಲ್ಲಗೆ ಸುಲಿದು, ಚರ್ಮದ ಡಾಕ್ಟರು ಬಯಾಪ್ಸಿಗೆ ಬಳಸುವ ಸಣ್ಣ ಕೊಳವೆಯಿಂದಲೇ ತೂತು ಕೊರೆದು, ಅದನ್ನೂ ಒಂದು ಗಾಜಿನ ಪಟ್ಟಿಯನ್ನೂ ಪ್ಲಾಸ್ಮಾ ಯಂತ್ರದಲ್ಲಿ ಇಡುತ್ತೇವೆ. ಒಳಗೆ ನೇರಳೆ-ಗುಲಾಬಿ ಬೆಳಕು ಮೂಡಿ ಅರ್ಧ ನಿಮಿಷದಲ್ಲಿ ಆರುತ್ತದೆ. ಹೊರಗೆ ತೆಗೆದು ಒಂದರ ಮೇಲೊಂದು ಇಟ್ಟರೆ ಸಾಕು, ಎರಡರ ಮೇಲ್ಮೈಯ ಅಣುಗಳು ಕೈ ಹಿಡಿದುಕೊಂಡುಬಿಡುತ್ತವೆ. ಆಮೇಲೆ ಎಳೆದರೆ ರಬ್ಬರು ಹರಿದೀತೇ ಹೊರತು ಅಂಟು ಬಿಡದು. ಮೊದಲ ಸಲ ನೋಡಿದಾಗ ಇದಕ್ಕಿಂತ ಚೆಂದದ ಕೆಲಸ ಇನ್ನೊಂದಿಲ್ಲ ಅನಿಸಿತ್ತು. ಅಗ್ಗ, ಬೇಗ, ಪಾರದರ್ಶಕ, ಮೃದು. ಗಾಳಿ ಆಡುತ್ತದಾದ್ದರಿಂದ ಕೋಶಗಳಿಗೆ ಉಸಿರು ಕಟ್ಟುವುದಿಲ್ಲ. ಇನ್ನೇನು ಬೇಕು?

ಕೆಂಪು ಬಣ್ಣ ಹೇಳಿದ್ದು

ಹಿರಿಯರ ಪ್ರಶ್ನೆ ಬಂದ ಮರುದಿನ ಹೊರಗೆ ಬಂದ ದ್ರವವನ್ನು ಎಚ್‌ಪಿಎಲ್‌ಸಿ ಯಂತ್ರಕ್ಕೆ ಕೊಟ್ಟೆವು. ಒಳಗೆ ಹೋದ ಔಷಧಿಯ ಹತ್ತರಲ್ಲೊಂದು ಪಾಲೂ ಹೊರಗೆ ಬಂದಿರಲಿಲ್ಲ. ಕೋಶಗಳು ತಿಂದಿರಬಹುದೆ? ಕೋಶವೇ ಇಲ್ಲದ ಖಾಲಿ ಚಿಪ್‌ನಲ್ಲೂ ಬಿಟ್ಟು ನೋಡಿದೆವು. ಅದೇ ಲೆಕ್ಕ.

ಆಮೇಲೆ ನೈಲ್ ರೆಡ್ ಎಂಬ ಬಣ್ಣ ಹಾಕಿ ನೋಡಿದೆ. ನಮ್ಮ ಔಷಧಿಯಂತೆಯೇ ಇದೂ ನೀರಿಗಿಂತ ಎಣ್ಣೆಯನ್ನು ಇಷ್ಟಪಡುವ ಸಣ್ಣ ಅಣು. ಸರಿಯಾದ ಬೆಳಕಿನಲ್ಲಿ ಹೊಳೆಯುತ್ತದೆ. ಕಾಲುವೆಯೊಳಗೆ ಬಿಟ್ಟು, ಸ್ವಲ್ಪ ಹೊತ್ತಿನ ಬಳಿಕ ಚೆನ್ನಾಗಿ ತೊಳೆದು, ಮೈಕ್ರೊಸ್ಕೋಪಿನಲ್ಲಿ ಕಣ್ಣಿಟ್ಟೆ. ಕಾಲುವೆ ಖಾಲಿ, ಕಪ್ಪು. ಅದರ ಎರಡೂ ಬದಿಯ ಗೋಡೆ ಧಗಧಗ ಹೊಳೆಯುತ್ತಿತ್ತು. ಬಿಳಿ ಪಂಚೆಯ ಮೇಲೆ ಚೆಲ್ಲಿದ ಕುಂಕುಮದ ನೀರಿನಂತೆ ಬಣ್ಣ ರಬ್ಬರಿನೊಳಗೆ ಹರಡಿಕೊಂಡಿತ್ತು.

ಪಕ್ಕದಲ್ಲಿ ನಿಂತು ನೋಡುತ್ತಿದ್ದ ವಿಜಯವಾಡದ ಹುಡುಗಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಅಂದರೆ ಅಣ್ಣಾ, ನಾನು ಇಷ್ಟು ದಿನ ಔಷಧಿ ಕೊಟ್ಟಿದ್ದು ನಿಮ್ಮ ಗೋಡೆಗೆ’ ಎಂದಳು.

ಅವಳಿಗೆ ಉತ್ತರ ಕೊಡುವ ಬದಲು ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆ. ಮೊದಲೇ ಹಾಕಬೇಕಿದ್ದ ಲೆಕ್ಕ. 35 ಮಿಲಿಮೀಟರ್ ವ್ಯಾಸದ ಸಾಧಾರಣ ತಟ್ಟೆಯಲ್ಲಿ 2 ಮಿಲಿಲೀಟರ್ ದ್ರವ ಹಾಕಿದರೆ, ಒಂದು ಘನ ಮಿಲಿಮೀಟರ್ ದ್ರವಕ್ಕೆ ತಾಗುವ ತಳ, ಗೋಡೆ ಎಲ್ಲ ಸೇರಿ ಸುಮಾರು 0.6 ಚದರ ಮಿಲಿಮೀಟರ್. ನನ್ನ ಕಾಲುವೆ 100 ಮೈಕ್ರಾನ್ ಅಗಲ, 50 ಮೈಕ್ರಾನ್ ಎತ್ತರ. ಅಲ್ಲಿ ಅಷ್ಟೇ ದ್ರವಕ್ಕೆ ತಾಗುವುದು 60 ಚದರ ಮಿಲಿಮೀಟರ್. ತಳದ ಗಾಜನ್ನು ಬಿಟ್ಟರೂ ರಬ್ಬರಿನದ್ದೇ 40. ಒಂದು ಸೆಂಟಿಮೀಟರ್ ಉದ್ದದ ಅಂಥ ಕಾಲುವೆಯಲ್ಲಿ ಹಿಡಿಯುವುದು ಒಂದು ನೀರಹನಿಯ ಸಾವಿರದ ಒಂದು ಪಾಲು. ಸುತ್ತ ಮಿಲಿಮೀಟರುಗಟ್ಟಲೆ ದಪ್ಪದ, ಎಣ್ಣೆಗೆ ಹಸಿದ ರಬ್ಬರ್. ನಮ್ಮ ಹರಿವೋ ಆಮೆವೇಗದ್ದು, ಗಂಟೆಗೆ ಕೆಲವೇ ಮೈಕ್ರೊಲೀಟರ್. ಔಷಧಿ ಕೋಶದ ತನಕ ತಲುಪುವುದೇ ಕಷ್ಟವಿತ್ತು. ಪಂಪಿನಿಂದ ಚಿಪ್‌ವರೆಗಿನ ನಳಿಕೆಯೂ ಸಿಲಿಕೋನಿನದ್ದೇ ಎಂಬುದು ಆಮೇಲೆ ನೆನಪಾಯಿತು.

ನಾಚಿಕೆಯ ಸಂಗತಿ ಎಂದರೆ ಇದು ಹೊಸ ವಿಷಯವೇ ಅಲ್ಲ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಡೇವಿಡ್ ಬೀಬಿ ಅವರ ಪ್ರಯೋಗಾಲಯ 2006ರಲ್ಲೇ ಇದೇ ನೈಲ್ ರೆಡ್‌ನಿಂದ ಇದನ್ನು ತೋರಿಸಿತ್ತು. 2009ರಲ್ಲಿ ಅದೇ ಪ್ರಯೋಗಾಲಯ ಇನ್ನೊಂದು ಮಾತು ಸೇರಿಸಿತು: ರಬ್ಬರು ಹೀರುವುದಷ್ಟೇ ಅಲ್ಲ, ಬಿಡುತ್ತದೆ ಕೂಡ. ಸರಿಯಾಗಿ ಗಟ್ಟಿಯಾಗದೆ ಉಳಿದ ಸಣ್ಣ ತುಣುಕುಗಳು ದ್ರವಕ್ಕಿಳಿದು, ಕೋಶದ ಹೊರಪೊರೆಯಲ್ಲೇ ಹೋಗಿ ಕೂತಿದ್ದವು. ನಾನು ಎರಡನ್ನೂ ಓದಿದ್ದೆ. ಓದಿದ್ದು ಬೇರೆಯವರ ಚಿಪ್ ಬಗ್ಗೆ ಎಂದುಕೊಂಡಿದ್ದೆ, ಅಷ್ಟೇ.

ಆ ವಾರಾಂತ್ಯ ಊರಿಗೆ ಫೋನ್ ಮಾಡಿದಾಗ ಅಮ್ಮನಿಗೆ ಹೇಳಿದೆ. ನಾನು ಅಚ್ಚು ಹೊಯ್ಯುವ ಕೆಲಸ ಮಾಡುತ್ತೇನೆ ಎಂಬಷ್ಟು ಅವಳಿಗೆ ಗೊತ್ತು. ಪೂರ್ತಿ ಕೇಳಿಸಿಕೊಂಡು, ‘ಅಲ್ಲ ಕಣೋ, ಹೊಸ ಮಡಕೆ ಎಣ್ಣೆ ಕುಡಿಯೋದಿಲ್ವಾ? ಪಳಗಿಸ್ದೇ ಯಾರಾದ್ರೂ ಸಾರು ಮಾಡ್ತಾರಾ?’ ಎಂದಳು. ಎಂಟು ತಿಂಗಳ ಕೆಲಸದ ವಿಮರ್ಶೆ ಅದಕ್ಕಿಂತ ಚುಟುಕಾಗಿ ಯಾರೂ ಬರೆದಿರಲಾರರು.

ಪಳಗಿಸಲೂ ನೋಡಿದೆವು. ರಬ್ಬರಿಗೆ ಮೊದಲೇ ಔಷಧಿ ಕುಡಿಸಿ, ಹೊಟ್ಟೆ ತುಂಬಿದ ಮೇಲೆ ಪ್ರಯೋಗ ಶುರು ಮಾಡುವುದು. ಆದರೆ ಮಡಕೆ ಕುಡಿದದ್ದು ಮಡಕೆಯಲ್ಲೇ ಇರುತ್ತದೆ, ಇದು ಹಾಗಲ್ಲ. ಹೊಸ ದ್ರವ ಬಂದ ಕೂಡಲೇ ಕುಡಿದದ್ದನ್ನು ಮೆಲ್ಲಮೆಲ್ಲಗೆ ವಾಪಸ್ ಉಗುಳುತ್ತದೆ. ಔಷಧಿ ನಿಲ್ಲಿಸಿದ ಮೇಲೆ ಕೋಶ ಚೇತರಿಸಿಕೊಳ್ಳುತ್ತದೆಯೇ ಎಂದು ನೋಡಲು ಹೋದರೆ, ಔಷಧಿ ನಿಂತೇ ಇರುವುದಿಲ್ಲ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸಿದಂತೆ ಕಾಲುವೆಯ ಒಳಮೈಗೆ ಪ್ಯಾರಲೀನ್, ಮೇಣ, ಗಾಜಿನಂಥ ಪದರ ಲೇಪಿಸುವ ವಿಧಾನಗಳಿವೆ. ಕೆಲವು ಚೆನ್ನಾಗಿಯೇ ಕೆಲಸ ಮಾಡುತ್ತವೆ. ಆದರೆ ಕಲಾಯಿಯ ಗೋಳು ಗೊತ್ತಲ್ಲ: ಒಂದು ಕಡೆ ಎದ್ದರೂ ಅಲ್ಲಿಂದಲೇ ಕಿಲುಬು. ರಬ್ಬರು ಬಾಗಿದರೆ ಲೇಪ ಬಿರಿಯುತ್ತದೆ, ಲೇಪ ಗಟ್ಟಿಯಾದರೆ ಗಾಳಿಯಾಡುವುದು ಕಡಿಮೆಯಾಗುತ್ತದೆ.

ಎರಡು ನಾಡಿನ ಜನ

ಅದೇ ಬೀಬಿ ಮತ್ತು ಸಂಗಡಿಗರು 2012ರಲ್ಲಿ ಬರೆದ ಲೇಖನವೊಂದರ ತಲೆಬರಹ ನನಗೆ ಬಹಳ ಇಷ್ಟ. ಎಂಜಿನಿಯರುಗಳು ಪಿಡಿಎಂಎಸ್ ದೇಶದವರು, ಜೀವವಿಜ್ಞಾನಿಗಳು ಪಾಲಿಸ್ಟೈರೀನ್ ನಾಡಿನವರು ಎಂಬ ಅರ್ಥದ್ದು. ಹೊರನಾಡಲ್ಲಿ ಬದುಕುವ ನಮಗೆ ಇದು ಬೇಗ ಅರ್ಥವಾಗುತ್ತದೆ. ನಾವು ನಮಗೆ ಸಲೀಸಾದ ವಸ್ತುವಿನಲ್ಲಿ ಚಿಪ್ ಮಾಡಿಕೊಟ್ಟು, ಅವರು ಬಳಸಲಿಲ್ಲ ಎಂದು ಗೊಣಗುತ್ತೇವೆ. ಅವರು ದಶಕಗಳಿಂದ ಕೋಶ ಬೆಳೆಸಿದ್ದು ಪಾಲಿಸ್ಟೈರೀನ್ ತಟ್ಟೆಯಲ್ಲಿ. ಅವರ ಹಳೆಯ ಅಂಕಿಅಂಶವೆಲ್ಲ ಆ ಪ್ಲಾಸ್ಟಿಕ್ಕಿನ ಭಾಷೆಯಲ್ಲಿದೆ.

ಹಾಗಾದರೆ ಪಾಲಿಸ್ಟೈರೀನಿನಲ್ಲೇ ಚಿಪ್ ಮಾಡಿದರಾಯಿತಲ್ಲ? ಮಾಡಬಹುದು. ಕಾರ್ಖಾನೆಯವರು ಮಾಡುವುದೇ ಹಾಗೆ. ಉಕ್ಕಿನ ಅಚ್ಚಿನೊಳಗೆ ಕರಗಿದ ಪ್ಲಾಸ್ಟಿಕ್ ಒತ್ತಡದಲ್ಲಿ ತುಂಬಿಸಿ ಕೆಲವೇ ಸೆಕೆಂಡಿಗೊಂದು ಚಿಪ್ ಉದುರಿಸುತ್ತಾರೆ, ಬಾಟಲಿ ಮುಚ್ಚಳದ ಹಾಗೆ. ತೊಡಕಿರುವುದು ಅಚ್ಚಿನ ಬೆಲೆಯಲ್ಲಿ. ಅದು ಲಕ್ಷಗಳ ಮಾತು. ಸಾವಿರಾರು ಚಿಪ್ ಬೇಕೆಂದಾಗ ಒಂದೊಂದರ ಬೆಲೆ ಇಳಿಯುತ್ತದೆ, ನಿಜ; ಆದರೆ ಸಂಶೋಧನೆಯಲ್ಲಿ ಸೋಮವಾರದ ವಿನ್ಯಾಸ ಗುರುವಾರಕ್ಕೆ ಹಳತು. ಕಾಲುವೆ ಹತ್ತು ಮೈಕ್ರಾನ್ ಅಗಲವಾಗಲಿ ಎಂದು ಹೊಸ ಉಕ್ಕಿನ ಅಚ್ಚು ಮಾಡಿಸಲು ಯಾವ ಪ್ರಾಜೆಕ್ಟಿನ ಅನುದಾನವೂ ಸಾಲದು.

ನಡುವಿನ ದಾರಿಗಳಿವೆ. ಒಂದು, ಬಿಸಿ ಮಾಡಿದ ಪ್ಲಾಸ್ಟಿಕ್ ಹಾಳೆಗೆ ಅಚ್ಚು ಒತ್ತುವುದು. ಇನ್ನೊಂದು, ಕಂಪ್ಯೂಟರ್ ನಡೆಸುವ ಸಣ್ಣ ಮಿಲ್ಲಿಂಗ್ ಯಂತ್ರದಲ್ಲಿ ನೇರವಾಗಿ ಕೊರೆಯುವುದು. ಈಗ ನಾನು ಹೆಚ್ಚು ಮಾಡುವುದು ಇದನ್ನೇ. ಬೆಳಗ್ಗೆ ಚಿತ್ರ ಬರೆದರೆ ಮಧ್ಯಾಹ್ನದ ಊಟದ ಹೊತ್ತಿಗೆ ಚಿಪ್ ಕೈಯಲ್ಲಿರುತ್ತದೆ. ಕೂದಲಿಗಿಂತ ಸಣ್ಣ ಕಾಲುವೆ ಕೊರೆಯುವುದು ಕಷ್ಟ, ಕೊರೆದ ಗುರುತಿನ ಗೆರೆಗಳು ಮೈಕ್ರೊಸ್ಕೋಪಿಗೆ ಅಡ್ಡ ಬರುತ್ತವೆ, ಮುಚ್ಚಳ ಕೂರಿಸುವುದಂತೂ ದೊಡ್ಡ ತಲೆನೋವು. ಪಿಡಿಎಂಎಸ್‌ಗೆ ಇದ್ದ ಪ್ಲಾಸ್ಮಾದ ಸುಲಭ ಅಂಟು ಇಲ್ಲಿಲ್ಲ. ಶಾಖ ಕೊಟ್ಟು ಒತ್ತಿದರೆ ಕಾಲುವೆಯೇ ಕುಸಿಯುತ್ತದೆ, ದ್ರಾವಕ ಹಚ್ಚಿದರೆ ಅದರ ಉಳಿಕೆ ಕೋಶಕ್ಕೆ ವಿಷ, ಟೇಪ್ ಅಂಟಿಸಿದರೆ ಮೂರನೇ ದಿನ ಸೋರಿಕೆ. ಸಿಒಸಿ, ಸಿಒಪಿ ಎಂಬ ಇನ್ನೊಂದು ಬಗೆಯ ಪ್ಲಾಸ್ಟಿಕ್‌ಗಳು ಔಷಧಿಯನ್ನು ತೀರಾ ಕಡಿಮೆ ಹೀರುತ್ತವೆ, ನೋಡಲು ಗಾಜಿನಂತೆ ತಿಳಿ. ಆದರೆ ಅವುಗಳಲ್ಲಿ ಗಾಳಿಯಾಡುವುದಿಲ್ಲ. ಉಸಿರಿಗೆ ಬೇಕಾದ ಆಮ್ಲಜನಕವನ್ನು ದ್ರವವೇ ಹೊತ್ತು ತರಬೇಕು. ಯಕೃತ್ತಿನ ಕೋಶಗಳಂಥ ಹಸಿದ ಕೋಶಗಳಿಗೆ ಅದು ಸಾಲುವುದೇ ಇಲ್ಲ.

ತ್ರೀಡಿ ಪ್ರಿಂಟರ್ ಬಂದಾಗ ಎಲ್ಲ ಮುಗಿಯಿತು ಅಂದುಕೊಂಡೆವು. ಬೆಳಕಿನಿಂದ ಗಟ್ಟಿಯಾಗುವ ರೆಸಿನ್‌ನಲ್ಲಿ ಕಾಲುವೆಗಳನ್ನು ನೇರ ಮುದ್ರಿಸಬಹುದು, ಅಂಟಿಸುವ ಗೋಜೇ ಇಲ್ಲ. ಆದರೆ ಪೂರ್ತಿ ಗಟ್ಟಿಯಾಗದ ರೆಸಿನ್ ಒಳಗೇ ಉಳಿಯುತ್ತದೆ. ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನ ಸಂಶೋಧಕರು ಇಂಥ ಮುದ್ರಿತ ತುಂಡುಗಳ ಜೊತೆ ಜೀಬ್ರಾ ಮೀನಿನ ಭ್ರೂಣಗಳನ್ನು ಇಟ್ಟಾಗ ಅವು ಸತ್ತವು. ನೇರಳಾತೀತ ಬೆಳಕಿನಲ್ಲಿ ಇನ್ನಷ್ಟು ಹೊತ್ತು ಹದ ಮಾಡಿದ ಮೇಲೆ ವಿಷ ಕಡಿಮೆಯಾಯಿತು. ನಾನು ಈ ಪ್ರಿಂಟರನ್ನು ಹಿಡಿಕೆ, ಸ್ಟ್ಯಾಂಡ್ ಮಾಡಲಷ್ಟೇ ಇಟ್ಟುಕೊಂಡಿದ್ದೇನೆ.

ಅನುಕೂಲವಿಲ್ಲದವರು ಕಂಡುಕೊಂಡ ಒಂದು ದಾರಿಯನ್ನು ಹೇಳದೆ ಮುಂದೆ ಹೋಗಲಾರೆ. ಮಿಶೆಲ್ ಖೈನ್ ಎಂಬ ಪ್ರಾಧ್ಯಾಪಕಿ ಕ್ಯಾಲಿಫೋರ್ನಿಯಾದ ಮರ್ಸೆಡ್‌ನಲ್ಲಿ ಆಗಷ್ಟೇ ಶುರುವಾಗಿದ್ದ ವಿಶ್ವವಿದ್ಯಾಲಯಕ್ಕೆ ಸೇರಿದಾಗ ಅಲ್ಲಿ ಕ್ಲೀನ್‌ರೂಮೇ ಇರಲಿಲ್ಲ. ಚಿಕ್ಕಂದಿನಲ್ಲಿ ಆಡಿದ, ಬಿಸಿ ಮಾಡಿದರೆ ಕುಗ್ಗುವ ಪ್ಲಾಸ್ಟಿಕ್ ಹಾಳೆಯ ಆಟಿಕೆ ಅವರಿಗೆ ನೆನಪಾಯಿತು. ಅದರ ಮೇಲೆ ಆಫೀಸಿನ ಲೇಸರ್ ಪ್ರಿಂಟರ್‌ನಿಂದ ಕಾಲುವೆ ಮುದ್ರಿಸಿ, ಬ್ರೆಡ್ ಸುಡುವ ಓವನ್‌ನಲ್ಲಿಟ್ಟರು. ಹಾಳೆ ಕುಗ್ಗಿತು, ಶಾಯಿಯ ಗೆರೆ ಕಿರಿದಾಗಿ ಎತ್ತರವಾಯಿತು. ಅದೇ ಅಚ್ಚು! 2008ರಲ್ಲಿ ಅದು ಪ್ರಕಟವಾಯಿತು. ನಮ್ಮ ದೇಶದ ಎಷ್ಟೋ ಕಾಲೇಜುಗಳಿಗೆ ಇಂದಿಗೂ ಅಂಥ ದಾರಿಯೇ ಬೇಕಾಗಿರುವುದು. ಹಾಗೆಂದು ನಮ್ಮಲ್ಲಿ ಬಾಗಿಲು ಪೂರಾ ಮುಚ್ಚಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಐಐಟಿ ಬಾಂಬೆಯ ನ್ಯಾನೊ ತಯಾರಿಕಾ ಕೇಂದ್ರಗಳನ್ನು ಬೇರೆ ಊರಿನ ಸಂಶೋಧಕರೂ ಬಳಸುವಂತೆ ಕೇಂದ್ರ ಸರ್ಕಾರದ ಕಾರ್ಯಕ್ರಮವೊಂದು 2008ರಿಂದ ಅವಕಾಶ ಕೊಟ್ಟಿದೆ. ಕೆಲಸದ ನೆಪದಲ್ಲಿ ಬೆಂಗಳೂರಿಗೆ ಹೋಗಿ, ಹಳದಿ ದೀಪದ ಕೋಣೆಯಿಂದ ಹೊರಬಂದು ಕನ್ನಡದಲ್ಲಿ ಕಾಫಿ ಕೇಳುವ ಸುಖ ಬೇರೆಯೇ.

ಪಿಡಿಎಂಎಸ್ಸನ್ನು ಬೈದು ಮುಗಿಸುವುದೂ ತಪ್ಪು. ಅದರ ಮೃದುತ್ವವೇ ಬೇಕಾದ ಕಡೆ ಬೇರೆ ವಸ್ತುವಿಲ್ಲ. 2010ರಲ್ಲಿ ಹಾರ್ವರ್ಡ್‌ನ ಡಾನ್ ಇಂಗ್ಬರ್ ತಂಡ ಮಾಡಿದ ಶ್ವಾಸಕೋಶದ ಚಿಪ್‌ನಲ್ಲಿ ಹತ್ತು ಮೈಕ್ರಾನ್ ದಪ್ಪದ, ತೂತುತೂತಿನ ಪಿಡಿಎಂಎಸ್ ಪೊರೆಯ ಒಂದು ಬದಿ ಶ್ವಾಸಕೋಶದ ಕೋಶ, ಇನ್ನೊಂದು ಬದಿ ರಕ್ತನಾಳದ ಕೋಶ. ಪಕ್ಕದ ಕೋಣೆಗಳ ಗಾಳಿ ಎಳೆದಾಗ ಪೊರೆ ಹಿಗ್ಗುತ್ತದೆ, ಬಿಟ್ಟಾಗ ಕುಗ್ಗುತ್ತದೆ, ಉಸಿರಾಡಿದಂತೆ. ಗಾಜಿನಲ್ಲೋ ಪಾಲಿಸ್ಟೈರೀನಿನಲ್ಲೋ ಇದು ಆಗದ ಮಾತು. ಬೆಂಗಳೂರಿನ ಎನ್‌ಸಿಬಿಎಸ್‌ನಲ್ಲಿ ಸಂಧ್ಯಾ ಕೌಶಿಕ ಅವರ ತಂಡ ಮಿಲಿಮೀಟರ್ ಉದ್ದದ ಹುಳುವೊಂದರ ನರತಂತುವಿನೊಳಗಿನ ಸಾಗಾಟವನ್ನು ನೋಡಲು ಬಳಸಿದ್ದೂ ಪಿಡಿಎಂಎಸ್ಸೇ. ಮೇಲಿನ ಪೊರೆಗೆ ಅನಿಲದ ಒತ್ತಡ ಕೊಟ್ಟರೆ ಅದು ಉಬ್ಬಿ ಹುಳುವನ್ನು ಮೆತ್ತಗೆ ಅದುಮಿ ಹಿಡಿಯುತ್ತದೆ. ಅರಿವಳಿಕೆ ಬೇಡ, ಒತ್ತಡ ತೆಗೆದರೆ ಹುಳು ತನ್ನ ಪಾಡಿಗೆ ತಾನು ಹೊರಡುತ್ತದೆ. ಅಲ್ಲಿ ಎಣ್ಣೆಪ್ರಿಯ ಔಷಧಿಯ ಲೆಕ್ಕವಿಲ್ಲ, ಹಾಗಾಗಿ ಗೋಡೆ ಏನು ಕುಡಿದರೂ ಬಾಧಕವಿಲ್ಲ.

ಬಾಧಕ ಬರುವುದು ಔಷಧಿಯ ತೀರ್ಪು ಚಿಪ್‌ನ ಕೈಗೆ ಹೋದಾಗ. ಅದೀಗ ಹೋಗುತ್ತಿದೆ. 2022ರ ಡಿಸೆಂಬರಿನಲ್ಲಿ ಅಮೆರಿಕ ತನ್ನ ಕಾನೂನು ತಿದ್ದಿ, ಹೊಸ ಔಷಧಿಯನ್ನು ಮನುಷ್ಯರಿಗೆ ಕೊಡುವ ಮೊದಲು ಪ್ರಾಣಿಗಳ ಮೇಲೆ ಪರೀಕ್ಷಿಸಲೇಬೇಕೆಂಬ ಕಡ್ಡಾಯವನ್ನು ಸಡಿಲಿಸಿತು. 2023ರಲ್ಲಿ ಭಾರತವೂ ಔಷಧಿ ಪ್ರಯೋಗಗಳ ನಿಯಮಕ್ಕೆ ತಿದ್ದುಪಡಿ ತಂದು, ಅಂಗಾಂಗ ಚಿಪ್‌ನಂಥ ವಿಧಾನಗಳಿಗೆ ಜಾಗ ಕೊಟ್ಟಿತು. ಇಲ್ಲಿ ಹೈದರಾಬಾದಿನಲ್ಲಿ ಸಿಸಿಎಂಬಿಯ ಇ‌ನ್‌ಕ್ಯುಬೇಟರ್ ಕೇಂದ್ರದಲ್ಲಿ ಇಂಥ ಮಾನವ ಮಾದರಿಗಳಿಗೆಂದೇ ಒಂದು ವಿಭಾಗವಿದೆ. ಭರವಸೆಗೆ ಕಾರಣವೂ ಇದೆ: ಅಮೆರಿಕದ ಎಮ್ಯುಲೇಟ್ ಕಂಪನಿಯವರು 870 ಯಕೃತ್ ಚಿಪ್‌ಗಳಲ್ಲಿ 27 ಔಷಧಿಗಳನ್ನು ಪರೀಕ್ಷಿಸಿದಾಗ, ಯಕೃತ್ತಿಗೆ ಹಾನಿ ಮಾಡುವಂಥವುಗಳಲ್ಲಿ 87 ಶೇಕಡಾ ಸಿಕ್ಕಿಬಿದ್ದವು, ನಿರಪಾಯದ ಯಾವ ಔಷಧಿಯೂ ಸುಮ್ಮನೆ ಅಪರಾಧಿ ಆಗಲಿಲ್ಲ.

ಆದರೆ ನಮ್ಮ ಎಂಟು ತಿಂಗಳ ಗ್ರಾಫನ್ನು ಆ ಕಣ್ಣಿಂದ ನೋಡಿದಾಗ ಎದೆ ಝಲ್ಲೆನ್ನುತ್ತದೆ. ಕೆಲಸ ಮಾಡುವ ಔಷಧಿಯೊಂದನ್ನು ನಾವು ನಿಷ್ಪ್ರಯೋಜಕ ಎನ್ನುವವರಿದ್ದೆವು. ಅದೇ ಯಕೃತ್ತಿನ ಚಿಪ್ ಆಗಿದ್ದರೆ? ವಿಷವನ್ನೆಲ್ಲ ಗೋಡೆ ಕುಡಿದು, ಕೋಶಗಳು ನಗುತ್ತಾ ಬದುಕಿ, ಔಷಧಿ ನಿರಪಾಯ ಎಂದು ನಾವು ಬರೆದುಕೊಡುತ್ತಿದ್ದೆವು. ಆ ಕಾಗದ ನಂಬಿ ಅದನ್ನು ಮೊದಲು ನುಂಗುವವರು ಯಾರೋ ಒಬ್ಬ ಮನುಷ್ಯ. ಅಂಥವರಿಗಾಗಿಯಾದರೂ, ಕೋಶದ ಚಿತ್ರದಷ್ಟೇ ದೊಡ್ಡದಾಗಿ ಚಿಪ್ ಯಾವುದರಲ್ಲಿ, ಹೇಗೆ ಮಾಡಿದ್ದು ಎಂದು ಬರೆಯಬೇಕು ಎಂಬುದು ನನ್ನ ಹಟ. ಎಷ್ಟೋ ಲೇಖನಗಳಲ್ಲಿ ಅದು ಒಂದೇ ಸಾಲಿನಲ್ಲಿ ಮುಗಿದುಹೋಗಿರುತ್ತದೆ.

ಪೋಸ್ಟರ್ ಹಿಂದಕ್ಕೆ ಪಡೆದೆವು. ವಿಜಯವಾಡದ ಹುಡುಗಿ ಒಂದು ವಾರ ನನ್ನ ಜೊತೆ ಮಾತು ಬಿಟ್ಟು, ಆಮೇಲೆ ತಾನೇ ಬಂದು ಮಿಲ್ಲಿಂಗ್ ಯಂತ್ರ ನಡೆಸುವುದನ್ನು ಕಲಿತಳು. ಈಗ ನನಗಿಂತ ಚೆನ್ನಾಗಿ ಕೊರೆಯುತ್ತಾಳೆ. ಅವಳ ಕೋಶಗಳನ್ನು ಸಾಕುವುದನ್ನು ನಾನು ಕಲಿಯುತ್ತಿದ್ದೇನೆ. ಎರಡು ಸಲ ಬೂಸ್ಟು ಹಿಡಿಸಿದ್ದೇನೆ. ಕಳೆದ ವಾರ ಮಾಡಿದ ಎಂಟು ಪಾಲಿಸ್ಟೈರೀನ್ ಚಿಪ್‌ಗಳಲ್ಲಿ ಮೂರು ಸೋರಿದವು. ಶುಕ್ರವಾರಕ್ಕೆ ಇನ್ನೂ ಹತ್ತು ತಯಾರಾಗುತ್ತವೆ. ಅವುಗಳಲ್ಲಿ ಮೊದಲ ಮೂರಕ್ಕೆ ಕೋಶ ಹಾಕುವುದಿಲ್ಲ. ಬರೀ ಔಷಧಿ ಬಿಟ್ಟು, ಇನ್ನೊಂದು ತುದಿಯಲ್ಲಿ ಬಾಟಲಿ ಹಿಡಿದು ಕೂರುತ್ತೇವೆ.